ಜೂಜಿನ ಮೇಜು ಕಲಿಸಿದ ಲೆಕ್ಕ



ಈ ಸಲದ ಬರಹದ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಬಾಳಿನುದ್ದಕ್ಕೂ ಕರಿಹಲಗೆಯ ಮುಂದೆ ನಿಂತು ಗಣಿತ ಹೇಳಿಕೊಟ್ಟ ಮೇಷ್ಟರು ಈಗ ಜೂಜಿನ ವಿಚಾರಕ್ಕೆ ಕೈಹಾಕಿದ್ದಾರಲ್ಲ ಎಂದು ನಗಲೂಬಹುದು. ಆದರೆ ಹತ್ತನೆಯ ತರಗತಿಯಲ್ಲಿ ನಾನು ನಿಮಗೆ ಕಲಿಸಿದ ‘ಸಂಭವನೀಯತೆ’ ಎಂಬ ಅಧ್ಯಾಯವು ಹುಟ್ಟಿದ್ದು ಪಾಠಶಾಲೆಯಲ್ಲಲ್ಲ, ಜೂಜಿನ ಮೇಜಿನ ಮೇಲೆ ಎಂಬುದನ್ನು ಆಗ ಹೇಳಲು ಪಠ್ಯಕ್ರಮದಲ್ಲಿ ಅವಕಾಶವಿರಲಿಲ್ಲ. ಈಚೆಗೆ ಗೋವೆಗೆ ಪ್ರವಾಸ ಹೊರಡುವ ಹಳೆಯ ವಿದ್ಯಾರ್ಥಿಗಳು, “ಸಾರ್, ಕ್ಯಾಸಿನೋದಲ್ಲಿ ಬುದ್ಧಿವಂತಿಕೆಯಿಂದ ಆಡುವ ದಾರಿ ಏನಾದರೂ ಇದೆಯೇ?” ಎಂದು ಕೇಳುವುದುಂಟು. ಪ್ರಶ್ನೆ ತುಂಟತನದ್ದಾದರೂ ಹಳೆಯದು. ಯುರೋಪಿನ ಮೇಧಾವಿಗಳು ನಾಲ್ಕು ಶತಮಾನ ಇದಕ್ಕೆ ಉತ್ತರ ಹುಡುಕಿದ್ದಾರೆ. ನಮ್ಮ ಪೂರ್ವಿಕರೂ ಅದನ್ನು ಚಿಂತಿಸದೆ ಬಿಟ್ಟವರಲ್ಲ.

ಮೊದಲು ನಮ್ಮ ಮನೆಯಿಂದಲೇ ಆರಂಭಿಸೋಣ. ಮಹಾಭಾರತದ ವನಪರ್ವದಲ್ಲಿ ಬರುವ, ನಮ್ಮ ಕನಕದಾಸರು ‘ನಳಚರಿತ್ರೆ’ಯಾಗಿ ಹಾಡಿದ ಕಥೆ ನಿಮಗೆಲ್ಲ ತಿಳಿದದ್ದೇ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣ ರಾಜನ ಸಾರಥಿಯಾಗಿರುತ್ತಾನೆ. ಒಂದು ದಿನ ದಾರಿಯಲ್ಲಿ ಋತುಪರ್ಣನು ತಾರೆಯ ಮರವೊಂದನ್ನು ಕಂಡು ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ನಿಂತ ನಿಲುವಿನಲ್ಲೇ ಹೇಳುತ್ತಾನೆ. ನಳನು ರಥ ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿರುತ್ತದೆ. ಆ ವಿದ್ಯೆಯೊಡನೆ ‘ಅಕ್ಷಹೃದಯ’ವನ್ನು, ಎಂದರೆ ದಾಳದ ಮರ್ಮವನ್ನು, ನಳನು ಋತುಪರ್ಣನಿಂದ ಕಲಿತು, ಬದಲಿಗೆ ತನ್ನ ಅಶ್ವವಿದ್ಯೆಯನ್ನು ಕೊಡುತ್ತಾನೆ. ಪ್ರಾಚೀನ ಕಾಲದಲ್ಲಿ ದಾಳವಾಗಿ ಬಳಕೆಯಾಗುತ್ತಿದ್ದುದೂ ಇದೇ ತಾರೆಕಾಯಿ ಎಂಬುದನ್ನು ನೆನೆದರೆ ಕಥೆಯ ಸ್ವಾರಸ್ಯ ಹೆಚ್ಚುತ್ತದೆ. ಎಣಿಕೆಗೂ ದ್ಯೂತಕ್ಕೂ ನಂಟಿದೆಯೆಂದು ಆ ಕವಿಗೆ ತಿಳಿದಿತ್ತು. ಈ ಕಥೆಯನ್ನು ಕಾಡಿನಲ್ಲಿ ಧರ್ಮರಾಯನಿಗೆ ಹೇಳಿದ ಬೃಹದಶ್ವ ಮುನಿಯು ಕೊನೆಯಲ್ಲಿ ಅವನಿಗೂ ಅಕ್ಷಹೃದಯವನ್ನು ಉಪದೇಶಿಸಿ ಹೋಗುತ್ತಾನೆ. ಸರ್ವಸ್ವವನ್ನೂ ಸೋತ ಮೇಲೆ ಬಂದ ವಿದ್ಯೆ ಅದು!

ಕೌಟಿಲ್ಯನ ನೋಟ ಇನ್ನೂ ವ್ಯಾವಹಾರಿಕವಾದದ್ದು. ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಜೂಜು ಒಂದೇ ಗೊತ್ತಾದ ಸ್ಥಳದಲ್ಲಿ ನಡೆಯಬೇಕು, ದಾಳಗಳನ್ನು ಅಧ್ಯಕ್ಷನೇ ಒದಗಿಸಬೇಕು, ಗೆದ್ದವನ ಹಣದಲ್ಲಿ ನೂರಕ್ಕೆ ಐದರ ಪಾಲು ತೆಗೆದುಕೊಳ್ಳಬೇಕು, ದಾಳದ ಬಾಡಿಗೆ ಬೇರೆ. ಆಡುವವರಲ್ಲಿ ಯಾರು ಗೆದ್ದರೂ ಯಾರು ಸೋತರೂ ಆಡಿಸುವವನ ಪಾಲು ತಪ್ಪದು. ಈ ‘ನೂರಕ್ಕೆ ಐದು’ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಮತ್ತೆ ಬೇಕಾಗುತ್ತದೆ.

ದಾಳದ ಮರ್ಮವನ್ನು ಮಂತ್ರವಾಗಿ ಅಲ್ಲದೆ ಲೆಕ್ಕವಾಗಿ ಬರೆದಿಡಲು ಯತ್ನಿಸಿದವರಲ್ಲಿ ಮೊದಲಿಗನೆಂದರೆ ಇಟಲಿಯ ಜೆರೊಲಾಮೊ ಕಾರ್ಡಾನೊ (೧೫೦೧–೧೫೭೬). ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಗಣಿತಜ್ಞ, ಚಟದಿಂದ ಜೂಜುಗಾರ. ವರ್ಷಗಟ್ಟಲೆ ಪಗಡೆ, ಚದುರಂಗಗಳಲ್ಲಿ ಕಾಲವನ್ನೂ ಹಣವನ್ನೂ ಕಳೆದೆನೆಂದು ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಆತನು ಲ್ಯಾಟಿನ್ ಭಾಷೆಯಲ್ಲಿ ಬರೆದ ಜೂಜಿನ ಕುರಿತ ಪುಸ್ತಕವು ಮರಣಾನಂತರ, ೧೬೬೩ರಲ್ಲಿ ಅಚ್ಚಾಯಿತು. ಅನುಕೂಲ ಫಲಿತಗಳೆಷ್ಟು, ಒಟ್ಟು ಸಾಧ್ಯ ಫಲಿತಗಳೆಷ್ಟು ಎಂದು ಎಣಿಸಿ ಹೋಲಿಸಬೇಕು, ಪಣವನ್ನು ಆ ಪ್ರಮಾಣದಲ್ಲಿ ಒಡ್ಡಿದರೆ ಮಾತ್ರ ಆಟ ನ್ಯಾಯವಾದೀತು ಎಂಬ ವಿಚಾರ ಅದರಲ್ಲಿದೆ. ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರದ ಬೀಜ ಇದೇ. ಅದೇ ಪುಸ್ತಕದಲ್ಲಿ ಆತನು ಜೂಜಿನಲ್ಲಿ ದೊರೆಯುವ ಅತಿ ದೊಡ್ಡ ಲಾಭವೆಂದರೆ ಆಡದಿರುವುದೇ ಎಂಬ ಅಭಿಪ್ರಾಯವನ್ನೂ ಹೇಳಿದ್ದಾನೆ. ಆಡಿ ದಣಿದವನ ಮಾತಾದ್ದರಿಂದ ಅದಕ್ಕೆ ಉಪದೇಶಕ್ಕಿಂತ ತೂಕ ಹೆಚ್ಚು.

ಕಾರ್ಡಾನೊನ ತರುವಾಯ ಗೆಲಿಲಿಯೋನ ಮುಂದೆ ಒಂದು ಸೊಗಸಾದ ಪ್ರಶ್ನೆ ಬಂದಿತು. ಮೂರು ದಾಳಗಳನ್ನು ಒಟ್ಟಿಗೆ ಎಸೆದಾಗ ಮೊತ್ತ ಒಂಬತ್ತಾಗುವುದು ಆರು ಬಗೆಯಲ್ಲಿ, ಹತ್ತಾಗುವುದೂ ಆರು ಬಗೆಯಲ್ಲಿ. ಹೀಗಿದ್ದರೂ ಹತ್ತು ತುಸು ಹೆಚ್ಚಾಗಿ ಬೀಳುತ್ತದೆಂದು ಅನುಭವಿ ಆಟಗಾರರು ಕಂಡುಕೊಂಡಿದ್ದರು. ಗೆಲಿಲಿಯೋ ಬಿಡಿಸಿ ಎಣಿಸಿ ತೋರಿಸಿದನು: ಮೂರೂ ದಾಳಗಳಲ್ಲಿ ಮೂರು ಬೀಳುವುದು ಒಂದೇ ರೀತಿಯಲ್ಲಿ ಸಾಧ್ಯ, ಆದರೆ ಒಂದು, ಎರಡು, ಆರು ಬೀಳುವುದು ಆರು ರೀತಿಗಳಲ್ಲಿ. ಹೀಗೆ ಎಣಿಸಿದರೆ ಒಟ್ಟು ೨೧೬ ಫಲಿತಗಳಲ್ಲಿ ಒಂಬತ್ತಕ್ಕೆ ೨೫, ಹತ್ತಕ್ಕೆ ೨೭. ಬಣ್ಣ ಬೇರೆಯಿರುವ ಮೂರು ದಾಳಗಳನ್ನು ತರಗತಿಗೆ ತಂದು ನಿಮ್ಮಲ್ಲಿ ಕೆಲವರಿಂದ ನಾನು ಎಸೆಯಿಸಿದ್ದು ಇದೇ ಕಾರಣಕ್ಕೆ. ಎರಡು ಫಲಿತಗಳಷ್ಟು ಸಣ್ಣ ವ್ಯತ್ಯಾಸವನ್ನು ಬರಿಗಣ್ಣಿನ ಅನುಭವದಿಂದ ಗುರುತಿಸಬೇಕಾದರೆ ಆ ಜೂಜುಗಾರರು ಎಷ್ಟು ಸಾವಿರ ಬಾರಿ ದಾಳ ಎಸೆದಿದ್ದಿರಬೇಕು, ಯೋಚಿಸಿ!

ಇನ್ನು ೧೬೫೪ನೆಯ ವರ್ಷ. ಫ್ರಾನ್ಸಿನ ಆಂಟ್ವಾನ್ ಗೊಂಬೊ, ಲೋಕಕ್ಕೆ ಶೆವಲಿಯೆ ದ ಮೆರೆ ಎಂದೇ ಪರಿಚಿತನಾದವನು, ಬ್ಲೇಸ್ ಪಾಸ್ಕಲನ ಮುಂದೆ ತನ್ನ ಸಂದೇಹಗಳನ್ನಿಟ್ಟನು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುತ್ತದೆಂದು ಪಣ ಕಟ್ಟುವುದು ಲಾಭಕರ. ಹಾಗಾದರೆ ಎರಡು ದಾಳಗಳನ್ನು ಇಪ್ಪತ್ತನಾಲ್ಕು ಸಲ ಎಸೆದರೆ ಜೋಡಿ ಆರು ಬೀಳುವುದೂ ಅಷ್ಟೇ ಲಾಭಕರವಾಗಬೇಕಲ್ಲವೇ? ನಾಲ್ಕಕ್ಕೂ ಆರಕ್ಕೂ ಇರುವ ಅನುಪಾತವೇ ಇಪ್ಪತ್ತನಾಲ್ಕಕ್ಕೂ ಮೂವತ್ತಾರಕ್ಕೂ ಇದೆಯಷ್ಟೆ? ತ್ರೈರಾಶಿಯನ್ನು ಕಂಡಕಂಡಲ್ಲಿ ಬಳಸುವ ಹುಡುಗರಿಗೆ ಇದು ಒಳ್ಳೆಯ ಪಾಠ. ಮೊದಲನೆಯದರ ಸಂಭವನೀಯತೆ ೬೭೧/೧೨೯೬, ಎಂದರೆ ಶೇಕಡ ೫೧.೭೭, ಎರಡನೆಯದು ಕೇವಲ ಶೇಕಡ ೪೯.೧೪. ಒಂದರಲ್ಲಿ ಆಟಗಾರನಿಗೆ ಲಾಭ, ಇನ್ನೊಂದರಲ್ಲಿ ನಷ್ಟ. ನಡುವಿನ ಅಂತರ ಕೂದಲೆಳೆಯಷ್ಟು. ಆದರೆ ರಾತ್ರಿಯಿಡೀ ಆಡುವವನ ಮನೆಮಠ ಆ ಎಳೆಯ ಮೇಲೆಯೇ ನೇತಾಡುತ್ತದೆ.

ಆತನ ಇನ್ನೊಂದು ಪ್ರಶ್ನೆ ನಡುವೆ ನಿಂತುಹೋದ ಆಟದ ಪಣವನ್ನು ಹಂಚುವ ಬಗೆಗೆ. ಈ ಕುರಿತು ಪಾಸ್ಕಲನೂ ಪಿಯೆರ್ ದ ಫರ್ಮಾನೂ ಆ ವರ್ಷ ಪತ್ರವ್ಯವಹಾರ ನಡೆಸಿದರು. ಇಬ್ಬರು ತಲಾ ೩೨ ನಾಣ್ಯ ಹೂಡಿದ್ದಾರೆ. ಮೊದಲು ಮೂರು ಸುತ್ತು ಗೆದ್ದವನಿಗೆ ೬೪ ಪೂರ್ತಿ. ಒಬ್ಬನು ಎರಡು, ಇನ್ನೊಬ್ಬನು ಒಂದು ಸುತ್ತು ಗೆದ್ದಾಗ ಆಟ ನಿಂತಿತು. ಪಾಸ್ಕಲ್ ಹೇಳಿದ್ದು ಹೀಗೆ: ಮುಂದಿನ ಸುತ್ತು ಸೋತರೂ ಮುಂದಿರುವವನು ಸಮಬಲನಾಗಿ ೩೨ಕ್ಕೆ ಹಕ್ಕುದಾರ, ಆದ್ದರಿಂದ ಅದು ಅವನದೇ. ಉಳಿದ ೩೨ಕ್ಕೆ ಇಬ್ಬರಿಗೂ ಸಮಾನ ಅವಕಾಶವಿರುವುದರಿಂದ ಅದರಲ್ಲಿ ಅರ್ಧ. ಒಟ್ಟು ೪೮, ಎದುರಾಳಿಗೆ ೧೬. ಇನ್ನೂ ನಡೆಯದ ಸಂಗತಿಗೆ ಇಂದಿನ ಬೆಲೆ ಕಟ್ಟುವ ವಿದ್ಯೆ ಹೀಗೆ ನೆಲೆಗೊಂಡಿತು. ೧೬೫೭ರಲ್ಲಿ ಕ್ರಿಶ್ಚಿಯಾನ್ ಹೈಗೆನ್ಸ್ ಇದನ್ನು ಪುಸ್ತಕವಾಗಿಸಿದನು. ೧೬೯೩ರಲ್ಲಿ ಎಡ್ಮಂಡ್ ಹ್ಯಾಲಿ ಜನನ ಮರಣಗಳ ಪಟ್ಟಿಗೆ ಅನ್ವಯಿಸಿ ವರ್ಷಾಶನದ ಬೆಲೆ ಕಟ್ಟಿದನು. ನಿಮ್ಮ ಜೀವವಿಮೆಯ ಕಂತಿನ ಹಿಂದೆ ನಿಂತಿರುವ ಗಣಿತ ಇದೇ ವಂಶದ್ದು. ಜೂಜಿನಿಂದ ಲೋಕಕ್ಕೆ ಒಳಿತಾದದ್ದು ಉಂಟಾದರೆ ಅದು ಇಲ್ಲಿ.

ಇಷ್ಟರಲ್ಲಿ ಜೂಜಿನ ಸ್ವರೂಪವೇ ಬದಲಾಗುತ್ತಿತ್ತು. ದ ಮೆರೆಯ ಕಾಲದಲ್ಲಿ ಆಟಗಾರನ ಎದುರಿಗೆ ಇನ್ನೊಬ್ಬ ಆಟಗಾರನಿರುತ್ತಿದ್ದನು. ಇನ್ನು ಮುಂದೆ ಎದುರಾಳಿಯೆಂದರೆ ‘ಮನೆ’. ಕ್ಯಾಸಿನೋ ಎಂಬ ಇಟಾಲಿಯನ್ ಪದದ ಮೂಲಾರ್ಥವೇ ಚಿಕ್ಕ ಮನೆ. ವೆನಿಸ್ ಗಣರಾಜ್ಯವು ೧೬೩೮ರಲ್ಲಿ ‘ರಿದೊತ್ತೊ’ ಎಂಬ ಜೂಜುಶಾಲೆಯನ್ನು ಸರ್ಕಾರದ ಒಪ್ಪಿಗೆಯಿಂದಲೇ ತೆರೆಯಿತು. ಆಟಗಾರರು ಮುಖವಾಡ ಧರಿಸಿ ಬರುತ್ತಿದ್ದರು. ಹಣದ ರಾಶಿಯ ಹಿಂದೆ ಕುಳಿತು ಆಡಿಸುವ ಅಧಿಕಾರ ಶ್ರೀಮಂತ ಕುಲದವರಿಗೆ ಮಾತ್ರ. ಕೌಟಿಲ್ಯನ ದ್ಯೂತಾಧ್ಯಕ್ಷನು ವೆನಿಸಿನಲ್ಲಿ ಮರುಹುಟ್ಟು ಪಡೆದಂತಾಯಿತು. ಎಷ್ಟೋ ಕುಟುಂಬಗಳು ಬಡವಾದ ಮೇಲೆ ೧೭೭೪ರಲ್ಲಿ ಅದನ್ನು ಮುಚ್ಚಲಾಯಿತು. ಅಷ್ಟರೊಳಗೆ ಯುರೋಪು ಆ ಪಾಠವನ್ನು ಕಲಿತಾಗಿತ್ತು.

ಪಾಠ ಏನೆಂಬುದನ್ನು ರೂಲೆಟ್ ಚಕ್ರ ನಿಚ್ಚಳವಾಗಿ ತೋರಿಸುತ್ತದೆ. ಯುರೋಪಿನ ಚಕ್ರದಲ್ಲಿ ಒಂದರಿಂದ ಮೂವತ್ತಾರರ ವರೆಗಿನ ಅಂಕಿಗಳೂ ಒಂದು ಸೊನ್ನೆಯೂ ಸೇರಿ ೩೭ ಮನೆಗಳು. ನೀವು ಹಿಡಿದ ಅಂಕಿ ಬಂದರೆ ಒಂದಕ್ಕೆ ಮೂವತ್ತೈದು ಕೊಡುತ್ತಾರೆ. ನ್ಯಾಯವಾಗಿ ಕೊಡಬೇಕಾದದ್ದು ಮೂವತ್ತಾರು. ಆ ಒಂದರ ಕೊರತೆಯೇ ಮನೆಯ ಪಾಲು: ೧/೩೭, ಎಂದರೆ ನೂರಕ್ಕೆ ೨.೭೦. ಅಮೆರಿಕದ ಚಕ್ರದಲ್ಲಿ ಸೊನ್ನೆಗಳು ಎರಡು; ಅಲ್ಲಿ ಪಾಲು ೨/೩೮, ನೂರಕ್ಕೆ ೫.೨೬. ಕೌಟಿಲ್ಯನ ಐದು ನೆನಪಾಯಿತೇ? ಕೆಂಪು, ಕಪ್ಪು, ಸಮ, ಬೆಸ ಯಾವುದನ್ನು ಹಿಡಿದರೂ ಇದೇ ಲೆಕ್ಕ. ಚಕ್ರದಲ್ಲಿ ಮೋಸವಿರಬೇಕಾದ್ದೇ ಇಲ್ಲ. ಬೆಲೆಪಟ್ಟಿಯಲ್ಲಿಯೇ ಎಲ್ಲವೂ ಇದೆ.

ಫ್ರಾನ್ಸಿನ ಫ್ರಾಂಸ್ವಾ ಬ್ಲಾಂಕ್ ಎಂಬ ಚತುರನು ೧೮೪೩ರಲ್ಲಿ ಜರ್ಮನಿಯ ಬಾಡ್ ಹೊಂಬುರ್ಗಿನಲ್ಲಿ ಎರಡು ಸೊನ್ನೆಗಳಲ್ಲಿ ಒಂದನ್ನು ತೆಗೆದುಹಾಕಿದನು. ತನ್ನ ಪಾಲನ್ನು ತಾನೇ ಅರ್ಧಕ್ಕಿಳಿಸಿದ ಈತನು ದಿವಾಳಿಯಾಗಲಿಲ್ಲ. ಆಟಗಾರರು ಬೇರೆಡೆಯ ಚಕ್ರಗಳನ್ನು ಬಿಟ್ಟು ಈತನಲ್ಲಿಗೆ ಬಂದರು; ನಿಧಾನವಾಗಿ ಸೋಲುವುದರಿಂದ ಹೆಚ್ಚು ಹೊತ್ತು ಕುಳಿತರು. ೧೮೬೩ರಲ್ಲಿ ಮೊನಾಕೊದ ಜೂಜಿನ ಹಕ್ಕನ್ನು ಪಡೆದು ಮಾಂಟೆ ಕಾರ್ಲೊವನ್ನು ಬೆಳೆಸಿದವನೂ ಈತನೇ. ಮನೆಯ ಪಾಲು ನಮ್ಮ ಕಿಸೆಯಲ್ಲಿರುವ ಹಣದ ಮೇಲಲ್ಲ, ಒಟ್ಟಾರೆ ಹೂಡಿದ ಹಣದ ಮೇಲೆ ಬೀಳುತ್ತದೆ ಎಂಬ ಸೂಕ್ಷ್ಮ ಆತನಿಗೆ ತಿಳಿದಿತ್ತು. ಗಂಟೆಗೆ ನಲವತ್ತು ಸುತ್ತು, ಸುತ್ತಿಗೆ ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಕೈಯಲ್ಲಿ ಎರಡೇ ಸಾವಿರವಿದ್ದರೂ ಗೆದ್ದದ್ದನ್ನು ಮತ್ತೆ ಮತ್ತೆ ಹೂಡುತ್ತ ಒಂದು ಗಂಟೆಯಲ್ಲಿ ನಾಲ್ಕು ಸಾವಿರ ಆಡಿದಂತಾಯಿತು. ಸರಾಸರಿ ನಷ್ಟ ಒಂದು ಸೊನ್ನೆಯ ಚಕ್ರದಲ್ಲಿ ೧೦೮ ರೂಪಾಯಿ, ಎರಡು ಸೊನ್ನೆಯದರಲ್ಲಿ ಸುಮಾರು ೨೧೦. ಒಂದು ಸಂಜೆಯಲ್ಲಿ ಯಾರೂ ಗೆಲ್ಲಬಹುದು. ಸಾವಿರ ಸಂಜೆಗಳಲ್ಲಿ ಮನೆ ಮಾತ್ರ ಗೆಲ್ಲುತ್ತದೆ. ಯಾಕೋಬ್ ಬರ್ನೂಲಿಯ ‘ದೊಡ್ಡ ಸಂಖ್ಯೆಗಳ ನಿಯಮ’ (೧೭೧೩) ಹೇಳುವುದು ಇದನ್ನೇ.

ನಮ್ಮ ಊರ ಜಾತ್ರೆಗಳಲ್ಲಿ ಆರು ಚಿತ್ರಗಳ ಹಾಸನ್ನು ನೆಲಕ್ಕೆ ಹಾಕಿ, ಅದೇ ಚಿತ್ರಗಳಿರುವ ದಾಳಗಳನ್ನು ಡಬ್ಬಿಯಲ್ಲಿ ಕುಲುಕುವವರನ್ನು ನೀವೂ ಕಂಡಿರುತ್ತೀರಿ. ಬ್ರಿಟಿಷ್ ನಾವಿಕರಲ್ಲಿ ‘ಕಿರೀಟ ಮತ್ತು ಲಂಗರು’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆಟವೂ ಈ ಬಗೆಯದೇ. ಚಿತ್ರ ಆರು, ದಾಳ ಮೂರು. ಆದ್ದರಿಂದ ಅರ್ಧಕ್ಕರ್ಧ ಅವಕಾಶ ಎಂದು ಆಡುವವನು ಭಾವಿಸುತ್ತಾನೆ. ಎಣಿಸಿ ನೋಡಿ: ೨೧೬ ಫಲಿತಗಳಲ್ಲಿ ೧೨೫ರಲ್ಲಿ ನಿಮ್ಮ ಚಿತ್ರ ಬೀಳುವುದೇ ಇಲ್ಲ. ೭೫ರಲ್ಲಿ ಒಂದು, ೧೫ರಲ್ಲಿ ಎರಡು, ಒಂದರಲ್ಲಿ ಮೂರೂ ಬೀಳುತ್ತವೆ. ಬಿದ್ದ ಪ್ರತಿ ದಾಳಕ್ಕೆ ಒಂದರಂತೆ ಕೊಟ್ಟರೆ ಬರುವುದು ೭೫+೩೦+೩=೧೦೮, ಹೋಗುವುದು ೧೨೫. ಕೊರತೆ ೧೭, ನೂರಕ್ಕೆ ಸುಮಾರು ೭.೯. ಮಾಂಟೆ ಕಾರ್ಲೊದ ದೀಪಾಲಂಕಾರದ ಸಭಾಂಗಣಕ್ಕಿಂತ ಗ್ಯಾಸ್‌ಲೈಟಿನ ಬೆಳಕಿನ ಈ ಹಾಸು ಹೆಚ್ಚು ದುಬಾರಿ!

ಈ ಪಾಲನ್ನು ತಪ್ಪಿಸಿಕೊಳ್ಳಲು ಜನರು ಹೂಡಿದ ಉಪಾಯಗಳಿಗೆ ಲೆಕ್ಕವಿಲ್ಲ. ಸೋತಾಗಲೆಲ್ಲ ಪಣವನ್ನು ಇಮ್ಮಡಿಸುವ ‘ಮಾರ್ಟಿಂಗೇಲ್’ ಕ್ರಮ ಅವುಗಳಲ್ಲಿ ಪ್ರಸಿದ್ಧವಾದದ್ದು. ವೆನಿಸಿನಲ್ಲಿ ತಾನೇ ಇದನ್ನು ಅನುಸರಿಸಿ ಕೊನೆಗೆ ಬರಿಗೈಯಾದುದನ್ನು ಕಾಸನೋವಾ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನೂರು ರೂಪಾಯಿಯಿಂದ ತೊಡಗಿ ಹತ್ತು ಸಲ ಸತತವಾಗಿ ಸೋತರೆ ಕಳೆದುಕೊಂಡದ್ದು ೧,೦೨,೩೦೦. ಹನ್ನೊಂದನೆಯ ಪಣ ೧,೦೨,೪೦೦. ಇಷ್ಟೆಲ್ಲ ಸಾಹಸದ ಗುರಿ ಮೊದಲಿನ ನೂರು ರೂಪಾಯಿ ಗೆಲ್ಲುವುದು! ಮೇಜಿನ ಪಣಕ್ಕೆ ಗರಿಷ್ಠ ಮಿತಿ ಇರುವುದರಿಂದ ಅದಕ್ಕೂ ಮೊದಲೇ ದಾರಿ ಮುಚ್ಚಿರುತ್ತದೆ. ಇನ್ನೊಂದು ಭ್ರಮೆಯೆಂದರೆ ‘ಇಷ್ಟು ಹೊತ್ತು ಕಪ್ಪು ಬಂತು, ಇನ್ನು ಕೆಂಪು ಬರಲೇಬೇಕು’ ಎಂಬುದು. ೧೯೧೩ರ ಆಗಸ್ಟ್‌ನಲ್ಲಿ ಮಾಂಟೆ ಕಾರ್ಲೊದಲ್ಲಿ ಕಪ್ಪು ಸತತವಾಗಿ ೨೬ ಸಲ ಬಂದಿತೆಂದೂ, ಕೆಂಪಿಗಾಗಿ ಕಾದವರು ಲಕ್ಷಾಂತರ ಫ್ರಾಂಕುಗಳನ್ನು ಕಳೆದುಕೊಂಡರೆಂದೂ ಪ್ರಸಿದ್ಧವಾದ ವೃತ್ತಾಂತವಿದೆ. ಚಕ್ರಕ್ಕೆ ನೆನಪಿಲ್ಲ, ನೆನಪಿರುವುದು ನಮಗೆ ಮಾತ್ರ.

ಲೆಕ್ಕ ತಿಳಿದರೆ ಸಾಕೇ? ಸಾಲದು ಎನ್ನುವುದಕ್ಕೆ ದೊಸ್ತೊಯೆವ್‌ಸ್ಕಿಯೇ ಸಾಕ್ಷಿ. ೧೮೬೩ರಲ್ಲಿ ವೀಸ್‌ಬಾಡೆನ್ನಿನಲ್ಲಿ ಗೆದ್ದ ಹುರುಪಿನಲ್ಲಿ ಆತನು ನಾದಿನಿಗೆ ಪತ್ರ ಬರೆದು, ಗೆಲುವಿನ ಗುಟ್ಟು ತನಗೆ ಗೊತ್ತಾಗಿದೆ, ಮನಸ್ಸನ್ನು ಹತೋಟಿಯಲ್ಲಿಟ್ಟುಕೊಂಡು ಆಡಿದರಾಯಿತು ಎಂಬರ್ಥದ ಮಾತು ಹೇಳಿದನು. ೧೮೬೫ರಲ್ಲಿ ಅದೇ ಊರಿನಲ್ಲಿ ಕೆಲವೇ ದಿನಗಳಲ್ಲಿ ಗಡಿಯಾರದ ಸಮೇತ ಎಲ್ಲವನ್ನೂ ಸೋತನು. ಪ್ರಕಾಶಕನೊಬ್ಬನ ಕಠಿಣ ಕರಾರಿಗೆ ಸಿಕ್ಕಿ ೧೮೬೬ರಲ್ಲಿ ‘ಜೂಜುಗಾರ’ ಕಾದಂಬರಿಯನ್ನು ಇಪ್ಪತ್ತಾರು ದಿನಗಳಲ್ಲಿ ಹೇಳಿ ಬರೆಸಿದನು. ಬರೆದುಕೊಂಡ ಶೀಘ್ರಲಿಪಿಗಾರ್ತಿ ಅನ್ನಾಳೇ ಮರುವರ್ಷ ಆತನ ಪತ್ನಿಯಾದಳು. ಬಾಡೆನ್ ಬಾಡೆನ್ನಿನಲ್ಲಿ ಅವಳ ಒಡವೆಗಳೂ ಗಿರವಿಗೆ ಹೋದವು. ಆತನು ಜೂಜನ್ನು ಬಿಟ್ಟದ್ದು ೧೮೭೧ರಲ್ಲಿ. ಮನುಷ್ಯನ ಅಂತರಂಗವನ್ನು ಅಷ್ಟು ಆಳವಾಗಿ ಬಲ್ಲವನಿಗೂ ಮೇಜಿನಿಂದ ಏಳುವುದು ಇಷ್ಟು ಕಷ್ಟವಾಯಿತು. ಧರ್ಮರಾಯನ ಕಥೆಯೂ ಬೇರೆಯಲ್ಲ. ಶಕುನಿಯ ಕಪಟ ಒಂದು ಕಡೆಯಾದರೆ, ಸೋಲುತ್ತಿರುವಾಗ ನಿಲ್ಲಿಸಲಾರದಿದ್ದುದು ಇನ್ನೊಂದು ಕಡೆ.

ಹಾಗಾದರೆ ಮನೆಯನ್ನು ಲೆಕ್ಕದಿಂದ ಸೋಲಿಸಿದವರು ಯಾರೂ ಇಲ್ಲವೇ? ಇದ್ದಾರೆ. ೧೯೫೬ರಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿನ ಲೆಕ್ಕಯಂತ್ರಗಳಿಂದಲೇ ‘ಬ್ಲ್ಯಾಕ್‌ಜ್ಯಾಕ್’ ಇಸ್ಪೀಟಾಟದ ಅತ್ಯುತ್ತಮ ಕ್ರಮವನ್ನು ಕಂಡುಹಿಡಿದು ಅಲ್ಲಿಯ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಂತೆ ಆಡಿದರೆ ಮನೆಯ ಪಾಲು ನೂರಕ್ಕೆ ಒಂದಕ್ಕೂ ಕೆಳಗಿಳಿಯುತ್ತದೆ. ಅದನ್ನು ಓದಿದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಇನ್ನೊಂದು ಹೆಜ್ಜೆ ಮುಂದೆ ಹೋದನು. ಚಕ್ರಕ್ಕೆ ನೆನಪಿಲ್ಲದಿದ್ದರೂ ಇಸ್ಪೀಟಿನ ಕಟ್ಟಿಗೆ ಒಂದು ಬಗೆಯ ನೆನಪಿದೆ: ಹೊರಬಿದ್ದ ಎಲೆ ಮತ್ತೆ ಕಲೆಸುವ ತನಕ ಮರಳಿ ಬರದು. ಸಣ್ಣ ಎಲೆಗಳು ಹೋಗಿ ದೊಡ್ಡವು ಉಳಿದಾಗ ಆಟ ಆಟಗಾರನ ಕಡೆಗೆ ವಾಲುತ್ತದೆ. ಎಂ.ಐ.ಟಿ.ಯ ಐ.ಬಿ.ಎಂ. ೭೦೪ ಗಣಕದಲ್ಲಿ ಇದನ್ನು ಸಾಧಿಸಿ, ೧೯೬೧ರಲ್ಲಿ ಪ್ರಕಟಿಸಿ, ೧೯೬೨ರಲ್ಲಿ ಪುಸ್ತಕವಾಗಿ ಬರೆದನು. ಋತುಪರ್ಣನ ಎಣಿಕೆಯ ವಿದ್ಯೆ ನೆವಾಡಾದ ಮರುಭೂಮಿಯಲ್ಲಿ ಮತ್ತೆ ಕಾಣಿಸಿಕೊಂಡಿತೆನ್ನೋಣ. ಕ್ಯಾಸಿನೋಗಳು ಸುಮ್ಮನಿರಲಿಲ್ಲ; ಹೆಚ್ಚು ಕಟ್ಟುಗಳನ್ನು ಸೇರಿಸಿದವು, ಪದೇಪದೇ ಕಲೆಸಿದವು, ಎಣಿಸುವವರನ್ನು ಹೊರಗಟ್ಟಿದವು. ಥಾರ್ಪ್ ಮುಂದೆ ಷೇರುಪೇಟೆಯತ್ತ ಹೊರಟುಹೋದನು.

ಎಷ್ಟು ಪಣ ಕಟ್ಟಬೇಕೆಂಬುದಕ್ಕೆ ಥಾರ್ಪ್ ಬಳಸಿದ್ದು ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ ೧೯೫೬ರಲ್ಲಿ ಕೊಟ್ಟ ಸೂತ್ರವನ್ನು. ಸೋಲು ಗೆಲುವಿನ ಮೊತ್ತ ಸಮನಾಗಿರುವ ಆಟದಲ್ಲಿ ಗೆಲುವಿನ ಸಂಭವನೀಯತೆ ನೂರಕ್ಕೆ ೫೧ ಇದ್ದರೆ ಕೈಯಲ್ಲಿರುವುದರ ನೂರಕ್ಕೆ ಎರಡನ್ನು ಮಾತ್ರ ಹೂಡಬೇಕು. ಸಂಭವನೀಯತೆ ೫೦ ಅಥವಾ ಅದಕ್ಕಿಂತ ಕಡಿಮೆಯಾದರೆ ಸೂತ್ರ ಹೇಳುವ ಪಣ ಸೊನ್ನೆ. ಹದಿನಾರನೆಯ ಶತಮಾನದ ಜೂಜುಗಾರ ವೈದ್ಯನು ಅನುಭವದಿಂದ ಹೇಳಿದ್ದನ್ನೇ ಇಪ್ಪತ್ತನೆಯ ಶತಮಾನದ ಗಣಿತವು ಸಮೀಕರಣದಲ್ಲಿ ಹೇಳಿತು.

ಇದೆಲ್ಲ ದೂರದ ಮಾತೆಂದು ತಿಳಿಯಬೇಡಿ. ಪಕ್ಕದ ಗೋವೆಯಲ್ಲಿ ೧೯೭೬ರ ಕಾಯ್ದೆಗೆ ೧೯೯೦ರ ದಶಕದಲ್ಲಿ ಆದ ತಿದ್ದುಪಡಿಗಳು ಕ್ಯಾಸಿನೋಗಳಿಗೆ ದಾರಿ ಮಾಡಿಕೊಟ್ಟವು. ಅದಕ್ಕಿಂತ ಹತ್ತಿರವಾದದ್ದು ಅಂಗೈಯ ಮೊಬೈಲು. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ ೧೯೬೭ರಲ್ಲಿ ಹೇಳಿದ್ದುಂಟು. ಆದರೆ ಪ್ರತಿ ಆಟದ ಹಣದಲ್ಲಿ ಆಡಿಸುವವನು ದಲ್ಲಾಳಿ ಹಿಡಿದಾಗ, ಆಟಗಾರರೆಲ್ಲ ಸೇರಿ ಹಾಕಿದ್ದಕ್ಕಿಂತ ಹಿಂದಕ್ಕೆ ಬರುವುದು ಕಡಿಮೆಯೇ. ಕೌಶಲವು ಆ ಉಳಿಕೆಯನ್ನು ಯಾರು ಕೊಂಡೊಯ್ಯಬೇಕೆಂಬುದನ್ನಷ್ಟೇ ತೀರ್ಮಾನಿಸುತ್ತದೆ. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಇರಲಿ, ಬಿಡಲಿ, ಲೆಕ್ಕ ಬದಲಾಗದು. ನನ್ನ ಕೈಯಲ್ಲಿ ಕಲಿತ ಹುಡುಗರ ಮನೆಗಳಲ್ಲಿಯೇ ಸಂಬಳವೂ ಸಾಲವೂ ಮೊಬೈಲಿನೊಳಗೆ ಕರಗಿದ್ದನ್ನು ಕೇಳಿದ್ದೇನೆ. ತಂದೆತಾಯಿಗಳ ಮುಂದೆ ಬಾಯಿಬಿಡಲಾರದ ಸಂಕಟ ಅದು. ಅಂಥವರು ನಿಮ್ಮ ಬಳಗದಲ್ಲಿದ್ದರೆ ಗದರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಒಟ್ಟು ಹಾಕಿದ್ದೆಷ್ಟು, ಬಂದದ್ದೆಷ್ಟು ಎಂದು ಕಾಗದದ ಮೇಲೆ ಬರೆಯಿಸಿ. ಅನೇಕರು ಆ ಎರಡು ಮೊತ್ತಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿಯೇ ಇರುವುದಿಲ್ಲ. ಅಷ್ಟಕ್ಕೂ ಚಟ ಬಿಡದಿದ್ದರೆ ವೈದ್ಯರ ನೆರವು ಪಡೆಯಲು ಸಂಕೋಚ ಬೇಡ.

ವಿವೇಕದಿಂದ ಆಡುವುದೆಂದರೇನೆಂದು ಚರಿತ್ರೆ ಕಲಿಸಿದ್ದನ್ನು ಮೂರು ಮಾತಿನಲ್ಲಿ ಹೇಳಬಹುದು. ಕುಳಿತುಕೊಳ್ಳುವ ಮೊದಲು ಆ ಆಟದ ಬೆಲೆ ಕೇಳಿ: ಮನೆಯ ಪಾಲು ನೂರಕ್ಕೆಷ್ಟು? ಗುಂಡಿ ಒತ್ತುವ ಸ್ಲಾಟ್ ಯಂತ್ರದಂತೆ ಅದು ಕಣ್ಣಿಗೆ ಕಾಣದಿದ್ದರೆ ಬೆಲೆಪಟ್ಟಿಯಿಲ್ಲದ ಅಂಗಡಿಗೆ ಹೋದಂತೆ, ಹಿಂದಿರುಗಿ. ಎರಡನೆಯದಾಗಿ, ನಾಟಕದ ಟಿಕೆಟಿಗೆ ಕೊಟ್ಟ ಹಣದಂತೆ ಮರಳಿ ಬಾರದೆಂದು ತಿಳಿದೇ ಒಂದು ಮೊತ್ತವನ್ನು ಬೇರೆ ತೆಗೆದಿಡಿ. ಅದು ಮುಗಿದಾಗ ಆಟವೂ ಮುಗಿಯಿತು, ಸಾಲದ ಹಣ ಮೇಜಿನ ಹತ್ತಿರ ಸುಳಿಯಕೂಡದು. ಮೂರನೆಯದಾಗಿ, ಕಳೆದದ್ದನ್ನು ಮರಳಿ ಪಡೆಯಲು ಆಡಬೇಡಿ. ನಳನಿಗೆ ರಾಜ್ಯ ಮರಳಿ ಬಂದದ್ದು ಕಥೆಯಲ್ಲಿ. ಅದಕ್ಕೂ ಅವನು ಮೊದಲು ವರ್ಷಗಟ್ಟಲೆ ದಾಳ ಮುಟ್ಟದೆ ಕುದುರೆ ಕಾಯಬೇಕಾಯಿತು.

ಎಲ್ಲರಿಗೂ ಒಳಿತಾಗಲಿ. ೨೧೬ರ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ನಿಮ್ಮ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.